ಗುಡಿ ಮುಂದೆ ನಿಂತ ಟರ್ಬೊ ಗಾಡಿ

ನಮ್ಮ ನಡುಮನೆಯ ಕಿಟಕಿಯ ಮೇಲೆ ಒಂದು ಶಂಖವಿದೆ. ಶಂಖ ಎಂದು ನಾನು ಹೇಳುವುದಿಲ್ಲ, ಬಂದವರು ಹೇಳುತ್ತಾರೆ. ಮೊನ್ನೆ ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದಿದ್ದ ಎದುರು ಮನೆಯ ಹೊಸ ಸೊಸೆ ಅದನ್ನು ಕಂಡವಳೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಬಲಮುರಿ ಶಂಖ ಅಲ್ವಾ ಆಂಟಿ? ಎಲ್ಲಿ ಸಿಕ್ತು ನಿಮಗೆ?"

ತುಮಕೂರಿನ ಗುಬ್ಬಿ ಗೇಟಿನ ಗ್ಯಾರೇಜಿನಲ್ಲಿ ಸಿಕ್ಕಿತು ಎಂದರೆ ಆ ಹುಡುಗಿಯ ಭಕ್ತಿಯ ಗತಿ ಏನಾಗಬೇಕು? "ನಮ್ಮನೆಯವರು ತಂದಿದ್ದು ಕಣಮ್ಮ" ಎಂದು ಹೇಳಿ, ಎಲೆ ಅಡಿಕೆ ಕೊಟ್ಟು ಕಳಿಸಿದೆ. ಸುಳ್ಳೇನೂ ಹೇಳಲಿಲ್ಲ. ದೇವರು ನನ್ನ ನಾಲಿಗೆಗೆ ಇಂಥ ಅರ್ಧರ್ಧ ನಿಜಗಳನ್ನಾದರೂ ಕೊಟ್ಟಿದ್ದಾನಲ್ಲ, ಅದೂ ಒಂದು ಪುಣ್ಯ.

ಅದು ನಮ್ಮ ಹಳೆಯ ಡೀಸೆಲ್ ಕಾರಿನ ಟರ್ಬೊದ ಮೇಲುಚಿಪ್ಪು. ಅಲ್ಯೂಮಿನಿಯಂನದು. ಬಸವನಹುಳುವಿನ ಬೆನ್ನಿನ ಹಾಗೆ ಸುತ್ತಿಕೊಂಡು ಹೋಗಿ ಒಂದು ಬಾಯಿ ತೆರೆದುಕೊಂಡಿದೆ. ನಾನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಟ್ಟಿದ್ದೇನೆ. ಆದರೂ ಮಳೆಗಾಲದಲ್ಲಿ ಮೂಗಿನ ಹತ್ತಿರ ಹಿಡಿದರೆ ಎಂಜಿನ್ ಆಯಿಲ್ ವಾಸನೆ ಬರುತ್ತದೆ. ಆ ವಾಸನೆ ಬಂದಾಗಲೆಲ್ಲ ನನಗೆ ನಮ್ಮನೆಯವರ ಮಾತು ಕೇಳಿಸಿದ ಹಾಗಾಗುತ್ತದೆ. ವಾಸನೆಗೂ ಮಾತಿಗೂ ಎಲ್ಲಿಯ ಸಂಬಂಧ ಎನ್ನುತ್ತೀರಿ. ಇದೆ, ಹೇಳುತ್ತೇನೆ.

ನಮ್ಮನೆಯವರದು ಬಲು ಕಡಿಮೆ ಮಾತು. ನನ್ನ ತೌರು ಗುಬ್ಬಿ. ತೊಂಬತ್ತರ ದಶಕದ ಮೊದಲಲ್ಲಿ ಅವರು ನನ್ನನ್ನು ನೋಡಲು ಬಂದಾಗ, ಉಪ್ಪಿಟ್ಟು ತಿಂದು ಕಾಫಿ ಕುಡಿದು ಗೋಡೆ ನೋಡುತ್ತಾ ಕೂತಿದ್ದರು. ನಮ್ಮಪ್ಪ, "ಏನಾದ್ರೂ ಕೇಳೋದಿದ್ರೆ ಕೇಳ್ಬಿಡಿ, ಸಂಕೋಚ ಬೇಡ" ಎಂದರು. ಇವರು ಬಹಳ ಯೋಚನೆ ಮಾಡಿ, "ನಿಮ್ಮ ಗಡಿಯಾರ ಹಿಂದೆ ಓಡ್ತಿದೆ, ಸ್ಪ್ರಿಂಗ್ ನೋಡಿಸ್ಬೇಕು" ಎಂದರು. ಮದುವೆಯಾಯಿತು. ತುಮಕೂರಿನ ಉಪ್ಪಾರಹಳ್ಳಿಯ ಮನೆಗೆ ಬಂದೆ. ಅವರು ಬೆಳಿಗ್ಗೆ ಗುಬ್ಬಿಯ ಆಫೀಸಿಗೆ ಹೋಗಿ ಸಂಜೆ ಬರುತ್ತಿದ್ದರು. ನನ್ನನ್ನು ಗುಬ್ಬಿಯಿಂದ ಇಲ್ಲಿಗೆ ತಂದು ತಾವು ದಿನಾ ಗುಬ್ಬಿಗೆ ಹೋಗುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು. ಹೇಳಿದರೆ ನಗುತ್ತಿದ್ದರು, ಅಷ್ಟೆ. ಒಳ್ಳೆಯವರು. ಕುಡಿತವಿಲ್ಲ, ಬೈಗುಳವಿಲ್ಲ. ಆದರೆ ಊಟಕ್ಕೆ ಕೂತರೆ ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವುದನ್ನೂ ಉಪ್ಪಿನ ಡಬ್ಬಿಯ ಕಡೆ ನೋಡಿಯೇ ತಿಳಿಸುವವರು. ನನ್ನಂಥ ಹರಟೆಮಲ್ಲಿಗೆ ಆ ಮನೆ ಎಷ್ಟು ಸದ್ದಿಲ್ಲದ ಮನೆಯಾಗಿತ್ತೆಂದರೆ, ದೇವರ ಮನೆಯಲ್ಲಿ ಕೂತು ದೇವರ ಜೊತೆಗೇ ಒಗ್ಗರಣೆ ಸೀದ ಸುದ್ದಿ ಹೇಳುತ್ತಿದ್ದೆ.

ಆಮೇಲೆ ಕಾರು ಬಂತು. ನಮ್ಮತ್ತೆಯ ತೌರು ಹುಲಿಯೂರುದುರ್ಗ. ಬಸ್ಸು ಹತ್ತಿದರೆ ಗೂಳೂರು ದಾಟುವುದರೊಳಗೆ ಅವರಿಗೆ ವಾಂತಿ. ತಾಯಿಗೋಸ್ಕರ ಎಂದು ಹೇಳಿ ಇವರು ಕುಣಿಗಲ್ಲಿನ ರೇಷ್ಮೆ ವ್ಯಾಪಾರಿಯೊಬ್ಬರಿಂದ ಒಂದು ಹಳೆಯ ಟರ್ಬೊ ಡೀಸೆಲ್ ಗಾಡಿ ತಂದರು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷವಾಗಿತ್ತು. ಗಾಡಿ ತಾಯಿಗೋಸ್ಕರ ಬಂತು, ಸರಿ. ಆದರೆ ಬಾನೆಟ್ ಎತ್ತಿದ ದಿನ ನನಗೆ ಗೊತ್ತಾಯಿತು, ಇದು ಬೇರೆಯೇ ಮದುವೆ ಎಂದು.

"ರೀ, ಟರ್ಬೊ ಅಂದ್ರೆ ಏನು?" ಎಂದು ಸುಮ್ಮನೆ ಕೇಳಿದೆ. ಅವರು ಮಾತಾಡಿದರು. ನಾನು ಹಿಡಿದಿದ್ದ ಕಾಫಿ ಆರಿಹೋಗುವವರೆಗೆ ಮಾತಾಡಿದರು. ಎಂಜಿನ್ ಬಿಡುವ ಹೊಗೆ ಸುಮ್ಮನೆ ಸೈಲೆನ್ಸರಿನಲ್ಲಿ ಹೋಗುವ ಬದಲು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಕೂತ ಕಬ್ಬಿಣದ ದಂಡಿಗೆಯ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಬೆಂಕಿ ಹೆಚ್ಚು, ಬೆಂಕಿ ಹೆಚ್ಚಾದರೆ ಎಳೆತ ಹೆಚ್ಚು.

ನನಗೆ ಥಟ್ಟನೆ ಗುಬ್ಬಿಯ ನಮ್ಮ ಅಡುಗೆಮನೆ ಕಂಡಿತು. ಹಸಿ ಸೌದೆ ತುಂಬಿದ ಒಲೆ, ಕಣ್ಣಲ್ಲಿ ನೀರು, ಕೈಯಲ್ಲಿ ಊದುಗೊಳವೆ. ಊದುವ ಕೆಲಸ ಯಾವಾಗಲೂ ನನ್ನದು, ಏಕೆಂದರೆ ಮನೆಯಲ್ಲಿ ಹೆಚ್ಚು ಮಾತಾಡುವವಳು ನಾನು. "ಅಷ್ಟು ಉಸಿರಿದ್ರೆ ಒಲೆಗಾದ್ರೂ ಹಾಕೇ" ಎನ್ನುತ್ತಿದ್ದರು ಅಮ್ಮ.

"ಅಂದ್ರೆ ಒಲೆ ಹೊಗೇನೇ ಊದುಗೊಳವೆ ಊದ್ದಂಗೆ" ಎಂದೆ.

ಇವರು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ನೋಡಿದರು. ಗಡಿಯಾರ ಬಿಟ್ಟು ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. "ಹೂಂ ಕಣೇ. ಅದೇ" ಎಂದರು.

ಅವತ್ತಿನಿಂದ ನಾನು ಪ್ರಶ್ನೆ ಕೇಳುವುದನ್ನು ವ್ರತ ಹಿಡಿದವಳ ಹಾಗೆ ಹಿಡಿದೆ. ಮೊದಮೊದಲು ಮಾತಿನ ಆಸೆಗೆ ಕೇಳುತ್ತಿದ್ದೆ. ಬರಬರುತ್ತಾ ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನಿಸತೊಡಗಿತು.

ಗಾಡಿ ಬಂದು ವರ್ಷ ತುಂಬುವುದರೊಳಗೆ ಟರ್ಬೊ ಹೋಯಿತು. ಹೆಬ್ಬೂರಿನ ಹತ್ತಿರ ಆಂಬುಲೆನ್ಸಿನ ಹಾಗೆ ಕೂಗಿಕೊಂಡು, ಹಿಂದೆ ನೀಲಿ ಹೊಗೆ ಬಿಟ್ಟುಕೊಂಡು ಬಂದೆವು. ಗುಬ್ಬಿ ಗೇಟಿನ ಇಮ್ತಿಯಾಜ್ ಭಾಯಿ ಗ್ಯಾರೇಜಿನಲ್ಲಿ ಬಿಚ್ಚಿದರು. ಇಮ್ತಿಯಾಜ್‌ಗೆ ಗಾಡಿ ರಿಪೇರಿ ಮಾಡುವುದಕ್ಕಿಂತ ಗಾಡಿಗೆ ಒಡವೆ ಹಾಕುವುದು ಇಷ್ಟ.

"ಸಾರ್, ಹಳೇದೇ ಯಾಕೆ ಹಾಕ್ತೀರಾ? ಒಂದು ಸೈಜ್ ದೊಡ್ಡದು ಹಾಕಣ. ಇಂಟರ್‌ಕೂಲರ್ ಕೂರ್ಸಣ. ರಬ್ಬರ್ ಪೈಪ್ ಬಿಸಾಕಿ ಸಿಲಿಕಾನ್ ಹಾಕಣ. ಗಾಡಿ ಹೆಂಗೆ ಓಡುತ್ತೆ ನೋಡಿ."

"ರೇಸಿಗೆ ಹೋಗ್ತೀರೇನ್ರೀ?" ಎಂದೆ ನಾನು.

"ರೇಸ್ ಎಲ್ಲಿ ಬಂತಕ್ಕ. ಕುಣಿಗಲ್ ರೋಡಲ್ಲಿ ಲಾರಿ ಹಿಂದೆ ಹೊಗೆ ಕುಡ್ಕೊಂಡು ಹೋಗ್ತೀರಲ್ಲ, ಅದು ತಪ್ಪುತ್ತೆ ಅಷ್ಟೇ" ಎಂದ ಇಮ್ತಿಯಾಜ್.

ಬೆಂಗಳೂರಿನಿಂದ ಸಾಮಾನು ಬಂತು. ಇಂಟರ್‌ಕೂಲರ್ ಎಂದರೆ ಚಿಕ್ಕ ರೇಡಿಯೇಟರಿನ ಥರ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರು ಬುಡ ಮುಟ್ಟಿ ನೋಡಿರುತ್ತೀರಿ. ಬಿಸಿ ಗಾಳಿ ತೆಳ್ಳಗಿರುತ್ತದಂತೆ, ತಣ್ಣಗಾದರೆ ಒತ್ತಾಗಿ ಕೂರುತ್ತದಂತೆ. ಅದಕ್ಕೇ ಎಂಜಿನ್ನಿನೊಳಗೆ ಬಿಡುವ ಮುಂಚೆ ಆರಿಸುವುದು. ನಾವು ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಸುರಿಯುವುದಿಲ್ಲವೇ, ಹಾಗೆ. ಸಿಲಿಕಾನ್ ಪೈಪು ಮಾತ್ರ ನವಿಲು ಕತ್ತಿನ ನೀಲಿ. ಬಾನೆಟ್ಟಿನೊಳಗೆ ಯಾರು ನೋಡಬೇಕು ಆ ಬಣ್ಣವನ್ನು? ನಾನು ನೋಡುತ್ತಿದ್ದೆ. ರೇಷ್ಮೆ ಸೀರೆ ಪೆಟ್ಟಿಗೆಯಲ್ಲಿಟ್ಟು ಆಗಾಗ ತೆಗೆದು ನೋಡುವವಳಿಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಗಾಳಿಯ ಒತ್ತಡ ತೋರಿಸುವ ಒಂದು ಮೀಟರನ್ನು ಡ್ಯಾಶ್‌ಬೋರ್ಡಿನ ಮೇಲೆ, ನಾನು ಅಂಟಿಸಿದ್ದ ಗಣಪನ ಪಕ್ಕ ಕೂರಿಸಿದರು. ಆಕ್ಸಿಲರೇಟರ್ ಒತ್ತಿದರೆ ಮುಳ್ಳು ಏಳುತ್ತಿತ್ತು. ಲಾರಿ ದಾಟುವಾಗ ನಾನು ಒಂದು ಕಣ್ಣು ಗಣಪನ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ ಇಟ್ಟು "ಏಳ್ತು, ಏಳ್ತು" ಎನ್ನುತ್ತಿದ್ದೆ. ಹಿಂದಿನ ಸೀಟಿನಿಂದ ನಮ್ಮತ್ತೆ, "ಏನಮ್ಮಿ ಅದು, ಹಾಲು ಉಕ್ಕೋದು ನೋಡ್ದಂಗೆ ನೋಡ್ತೀಯ" ಎನ್ನುತ್ತಿದ್ದರು.

ಇಲ್ಲಿ ನಮ್ಮ ಮಾವನವರ ವಿಷಯ ಹೇಳಬೇಕು. ನಾನು ಈ ಮನೆಗೆ ಬರುವ ಮೊದಲೇ ಅವರು ತೀರಿಕೊಂಡಿದ್ದರು. ಫೋಟೋದಲ್ಲಿ ನೋಡಿದ್ದಷ್ಟೆ. ದಾರಿಯಲ್ಲಿ ಯಾವ ಗುಡಿ ಬಂದರೂ ಸೈಕಲ್ಲಿನಿಂದ ಇಳಿದು, ಚಪ್ಪಲಿ ಬಿಟ್ಟು ಕೈ ಮುಗಿದೇ ಮುಂದೆ ಹೋಗುತ್ತಿದ್ದರಂತೆ. ಆ ಸೈಕಲ್ಲಿನ ಮೇಲೆ ಕೂತು ಅದನ್ನು ನೋಡಿ ಬೆಳೆದವರು ಇವರು. ಕಾರಿನಲ್ಲೂ ಅದೇ ಪದ್ಧತಿ ನಡೆಸಿದರು. ಗುಡಿ ಕಂಡರೆ ಗಾಡಿ ಪಕ್ಕಕ್ಕೆ, ಎಂಜಿನ್ ಆಫ್, ಚಪ್ಪಲಿಯಿಂದ ಕಾಲು ಹೊರಕ್ಕೆ, ಎರಡೂ ಕೈ ಎದೆಗೆ. ಆಮೇಲೆ ಮತ್ತೆ ಸ್ಟಾರ್ಟ್. ದೇವರ ಮುಂದೆ ಎಂಜಿನ್ ಗುರುಗುಟ್ಟಬಾರದು ಎಂಬುದು ಅವರ ನಿಯಮ. ತುಮಕೂರಿನಿಂದ ಹುಲಿಯೂರುದುರ್ಗದವರೆಗೆ ಗಣಪ, ಆಂಜನೇಯ, ಮಾರಮ್ಮ, ಮುನೇಶ್ವರ ಎಲ್ಲರೂ ರಸ್ತೆ ಪಕ್ಕದಲ್ಲೇ ಇದ್ದಾರೆ. ಬೇರೆ ಹೆಂಗಸರ ಗಂಡಂದಿರು ಗುಡಿ ಕಂಡರೆ ಹಾರನ್ ಹೊಡೆದುಕೊಂಡು ಹೋಗುವಾಗ ನನಗೆ ಇಂಥವರು ಸಿಕ್ಕಿದ್ದಾರಲ್ಲ ಎಂದು ನಾನು ಒಂದು ಕೈ ಜಾಸ್ತಿಯೇ ಮುಗಿಯುತ್ತಿದ್ದೆ.

ದೊಡ್ಡ ಟರ್ಬೊ ಹಾಕಿದ ಸಂತೋಷ ಬಹಳ ದಿನ ಬಾಳಲಿಲ್ಲ. ಒಂದು ಯುಗಾದಿ ಕಳೆದು ಗೌರಿ ಹಬ್ಬ ಬರುವುದರೊಳಗೆ ಮತ್ತೆ ಅದೇ ಕೂಗು, ಅದೇ ನೀಲಿ ಹೊಗೆ. ಇಮ್ತಿಯಾಜ್ ಫೋನಿನಲ್ಲಿ, "ಆಯಿಲ್ ಚೇಂಜ್ ಟೈಮಿಗೆ ಮಾಡಿದೀರಿ, ಫಿಲ್ಟರ್ ಹೊಸದು, ಮನೆಗೆ ಬಂದ್ರೆ ಎಂಜಿನ್ ಸ್ವಲ್ಪ ಹೊತ್ತು ಸ್ಲೋನಲ್ಲಿ ಓಡೋಕೆ ಬಿಟ್ಟು ಆಮೇಲೆ ಆಫ್ ಮಾಡ್ತೀರಿ. ಯಾಕೆ ಹೋಯ್ತು ಅಂತ ನನಗೂ ತಿಳೀತಿಲ್ಲ ಸಾರ್" ಎಂದ.

ಅವತ್ತು ಸಂಜೆ ಇವರು ದೀಪದ ಮುಂದೆ ನಿಂತು, ನಾನೂ ಅತ್ತೆಯೂ ಕೇಳುವ ಹಾಗೆ ಒಂದು ಮಾತು ಹೇಳಿದರು. "ಇದೊಂದು ಸಲ ಸರಿ ಮಾಡಿಸ್ತೀನಿ. ಮತ್ತೆ ಹೋದ್ರೆ ಮಾರ್ಬಿಡ್ತೀನಿ."

ಬೇರೆಯವರು ಹೇಳಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನೂರು ಮಾತಾಡುವವರು ತೊಂಬತ್ತು ಮರೆಯುತ್ತಾರೆ. ಇವರು ಆಡುವುದೇ ನಾಲ್ಕು, ನಾಲ್ಕನ್ನೂ ನಡೆಸುತ್ತಾರೆ. ನನಗೆ ಹೆದರಿಕೆಯಾಯಿತು. ಗಾಡಿ ಹೋದರೆ ಅತ್ತೆಗೆ ಬಾಡಿಗೆ ಕಾರು ಮಾಡಬಹುದು. ಆದರೆ ನನ್ನ ಗಂಡ ಮತ್ತೆ ಉಪ್ಪಿನ ಡಬ್ಬಿಯ ಕಡೆ ನೋಡುವ ಗಂಡನಾಗುತ್ತಾರೆ. ಇದನ್ನು ಯಾರಿಗೆ ಹೇಳಲಿ? ದೇವರ ಮುಂದೆ ಕೂತು, "ಟರ್ಬೊ ಕಾಪಾಡಪ್ಪ" ಎಂದು ಕೇಳಿಕೊಂಡೆ. ಗೌರಿ ಹಬ್ಬದ ಹೊತ್ತಿಗೆ ಸೌಭಾಗ್ಯ ಬೇಡುವ ಬಾಯಲ್ಲಿ ಟರ್ಬೊ ಬೇಡಿದವಳು ತುಮಕೂರಿನಲ್ಲಿ ನಾನೊಬ್ಬಳೇ ಇರಬೇಕು.

ಬಿಚ್ಚುವ ದಿನ ನಾನೂ ಹೊರಟೆ. "ನೀನ್ಯಾಕೆ?" ಎಂದರು. "ನೋಡ್ಬೇಕು" ಎಂದೆ.

ಇಮ್ತಿಯಾಜ್ ಟರ್ಬೊ ತೆಗೆದು ಹಳೆಯ ಪೇಪರಿನ ಮೇಲಿಟ್ಟ. ಅದರ ನಡುವಿನ ದಂಡಿಗೆಗೆ ಎಂಜಿನ್ನಿನಿಂದ ಎಣ್ಣೆ ಬರಲು ಒಂದು ಸಣ್ಣ ಪೈಪು. ಅದನ್ನು ನೆಲಕ್ಕೆ ತಟ್ಟಿದ. ಕರ್ರಗೆ, ಹರಳು ಹರಳಾಗಿ ಏನೋ ಉದುರಿತು. ಅವನು ಗುಡಿಸಿಹಾಕಲು ಹೊರಟ.

"ತಡಿ ತಡಿ" ಎಂದು ಕೂತು ಬೆರಳಲ್ಲಿ ತಿಕ್ಕಿ ನೋಡಿದೆ. ಇದನ್ನು ನಾನು ಬಲ್ಲೆ. ಹಬ್ಬದಲ್ಲಿ ವಡೆ ಕರಿದಾದ ಮೇಲೆ ಕಬ್ಬಿಣದ ಬಾಣಲೆಯ ತಳದಲ್ಲಿ ಚೂರು ಎಣ್ಣೆ ಬಿಟ್ಟು ಒಲೆ ಆರಿಸಿದರೆ ಬಾಣಲೆಯ ಕಾವಿಗೇ ಅದು ಹೀಗೆ ಕಚ್ಚಿಕೊಳ್ಳುತ್ತದೆ. ಮಾರನೇ ದಿನ ಕೆರೆದು ಕೆರೆದು ಉಗುರು ಹೋಗುತ್ತದೆ. ವಡೆ ಬೀಳುತ್ತಾ, ಎಣ್ಣೆ ಕುದಿಯುತ್ತಾ ಇರುವಷ್ಟು ಹೊತ್ತು ಹೀಗಾಗುವುದಿಲ್ಲ.

"ಇದು ಓಡಾಡೋ ಎಣ್ಣೆ ಸುಟ್ಟಿದ್ದಲ್ಲ. ನಿಂತ ಎಣ್ಣೆ ಸುಟ್ಟಿರೋದು" ಎಂದೆ.

"ಅದಕ್ಕೇ ಅಲ್ವಾ ಅಕ್ಕ ಸ್ಲೋನಲ್ಲಿ ಬಿಡಿ ಅನ್ನೋದು. ಜೋರಾಗಿ ಓಡ್ಸಿ ಥಟ್ ಅಂತ ಆಫ್ ಮಾಡಿದ್ರೆ ಎಣ್ಣೆ ಅಲ್ಲೇ ನಿಂತು ಸೀದೋಗುತ್ತೆ. ಸಾರ್ ಮನೇಲಿ ಸ್ಲೋ ಬಿಡ್ತಾರಲ್ಲ?"

"ಬಿಡ್ತೀನಿ. ದಿನಾ ಬಿಡ್ತೀನಿ" ಎಂದರು ಇವರು.

ನಾನು ಆ ಕರಿ ಹರಳು ನೋಡುತ್ತಾ ಕೂತೆ. ಗೂಳೂರಿನ ದಾರಿ ಕಣ್ಣ ಮುಂದೆ ಬಂತು. ಲಾರಿ ದಾಟಿದ್ದು, ಮುಳ್ಳು ಎದ್ದದ್ದು, ತಕ್ಷಣ ಗುಡಿ.

"ರೀ, ಗುಡಿ ಮುಂದೆ?"

ಇಮ್ತಿಯಾಜ್‌ಗೆ ಅರ್ಥವಾಗಲಿಲ್ಲ. ನಾನೇ ಬಿಡಿಸಿ ಹೇಳಿದೆ. ಅವನು ಎದ್ದು ನಿಂತು, ಇವರನ್ನು ಒಂದು ಸಲ, ಟರ್ಬೊವನ್ನು ಒಂದು ಸಲ ನೋಡಿದ.

"ಎಷ್ಟು ಗುಡಿ ಐತೆ ಸಾರ್ ದಾರೀಲಿ?"

ಇವರು ಎಣಿಸುತ್ತಿದ್ದರು ಎಂದು ಕಾಣುತ್ತದೆ, ತುಟಿ ಅಲ್ಲಾಡುತ್ತಿತ್ತು.

ಕಾರಣ ಸಿಕ್ಕಿತು ಎಂದು ನಾನು ಹಿಗ್ಗಿದೆ. ಆದರೆ ಮನೆಗೆ ಬರುವಾಗ ಆಟೋದಲ್ಲಿ ಇವರು, "ಎಂಜಿನ್ ಆನ್ ಇಟ್ಕೊಂಡು ನಾನು ಕೈ ಮುಗಿಯಲ್ಲ. ನಿಲ್ಲಿಸದೆ ಮುಂದಕ್ಕೂ ಹೋಗಲ್ಲ. ಅಪ್ಪ ನಡೆಸಿದ್ದು. ಗಾಡಿನೇ ಕೊಟ್ಬಿಡಣ ಬುಡು" ಎಂದರು. ಹೊಸ ಟರ್ಬೊ ಹಾಕುವ ಮೊದಲೇ ಮಾರುವ ಮಾತು. ನಾನು ಯಾರ ಕಡೆ ನಿಲ್ಲಲಿ? ದೇವರ ಕಡೆ ನಿಂತರೆ ಗಾಡಿ ಹೋಗುತ್ತದೆ, ಗಾಡಿಯ ಕಡೆ ನಿಂತರೆ ಮಾವನವರು ಫೋಟೋದಿಂದ ನೋಡುತ್ತಾರೆ.

ಅತ್ತೆ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತಾ ಎಲ್ಲವನ್ನೂ ಹೇಳಿದೆ. ಇವರು ಬಾಗಿಲಿಗೆ ಒರಗಿ ನಿಂತಿದ್ದರು.

"ಏನ್ಲಾ, ನಿಮ್ಮಪ್ಪ ಗುಡಿ ಮುಂದೆ ಸೈಕಲ್ ಇಳೀತಿದ್ರು ಅಂತ ಗಾಡಿ ಮಾರ್ತೀಯಾ?" ಎಂದರು ಅತ್ತೆ.

"ಅಪ್ಪನ ಪದ್ಧತಿ ಕಣವ್ವ."

ಅತ್ತೆ ನಗತೊಡಗಿದರು. ಮಡಿಲ ಕಾಯಿ ಚೆಲ್ಲುವಷ್ಟು ನಕ್ಕರು. "ನಿಮ್ಮಪ್ಪ ಮೊದ್ಲು ಇಳಿದಿದ್ದು ಎಲ್ಲಿ ಗೊತ್ತೇನ್ಲಾ? ನಮ್ಮ ಹುಲಿಯೂರುದುರ್ಗದ ದಾರೀಲಿ, ಏರಿನ ಮೇಲೆ ಮುನೇಶ್ವರನ ಗುಡಿ ಐತಲ್ಲ, ಅಲ್ಲಿ. ಮುಂದೆ ನೀನು, ಹಿಂದೆ ನಾನು, ಹ್ಯಾಂಡ್ಲಲ್ಲಿ ರಾಗಿ ಚೀಲ. ಏರು ಹತ್ತೋ ಅಷ್ಟರಲ್ಲಿ ಏದುಸಿರು. ಇಳೀದೆ ಏನ್ ಮಾಡ್ತಾರೆ? ಇಳಿದು ಸೈಕಲ್ ಹಿಡ್ಕೊಂಡು ನಿಂತ್ಕೊಳೋರು. ಉಸಿರು ಸುಧಾರಿಸ್ಕೊಳೋರು. ಬೆವರು ಒರೆಸ್ಕೊಂಡು, ಎದೆ ತಣ್ಣಗಾದ ಮೇಲೆ ಕೈ ಮುಗಿಯೋರು. ಏದ್ಕೊಂಡು ದೇವರ ಮುಂದೆ ನಿಲ್ಬಾರ್ದು ಅನ್ನೋರು. ಆಮೇಲೆ ಮಟ್ಟದ ರಸ್ತೇಲೂ ಅದೇ ಅಭ್ಯಾಸ ಆಯ್ತು."

ನಾನು ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿ, ಸಿಪ್ಪೆಯನ್ನು ಪಾತ್ರೆಗೆ ಹಾಕಿದೆ.

"ಮೊದ್ಲು ಸುಧಾರಿಸ್ಕೊಳೋರಾ?" ಎಂದು ಕೇಳಿದರು ಇವರು.

"ಹೂಂ ಕಣ್ಲಾ. ನೀನು ಚಿಕ್ಕೋನು, ಕೈ ಮುಗಿದಿದ್ದು ಮಾತ್ರ ನೋಡ್ಕೊಂಡೆ."

ಮೂರನೆಯ ಟರ್ಬೊ ಕೂತಿತು, ಹೊಸ ಎಣ್ಣೆ ಪೈಪಿನ ಸಮೇತ. ಮುಂದಿನ ಭಾನುವಾರ ಹುಲಿಯೂರುದುರ್ಗಕ್ಕೆ ಹೊರಟೆವು. ಮೊದಲ ಗುಡಿ ಬಂತು. ಗಾಡಿ ಪಕ್ಕಕ್ಕೆ ನಿಂತಿತು. ಎಂಜಿನ್ ಮೆಲ್ಲಗೆ ಗುಡುಗುಡು ಎನ್ನುತ್ತಿತ್ತು. ಇವರು ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಮೀಟರಿನ ಮುಳ್ಳು ಮಲಗಿತ್ತು. ಆಮೇಲೆ ಕೀ ತಿರುಗಿಸಿದರು. ಆ ನಿಶ್ಶಬ್ದದಲ್ಲಿ ಮೂವರೂ ಕೈ ಮುಗಿದೆವು. ದೇವಸ್ಥಾನದಲ್ಲಿ ದರ್ಶನವಾದ ಮೇಲೆ ಕೂತು ಏಳುವ ಪದ್ಧತಿ ನಮ್ಮಲ್ಲಿದೆ. ದರ್ಶನಕ್ಕೆ ಮೊದಲು ಕೂರುವುದನ್ನು ನನಗೆ ಕಲಿಸಿದ್ದು ಈ ಗಾಡಿ.

ಪ್ರತಿ ಗುಡಿಯ ಮುಂದೆಯೂ ಹೀಗೆ ಕೂತರೆ ದಾರಿ ಸಾಗುವುದೆಂದು? ಸಾಗಲಿಲ್ಲ. ದೊಡ್ಡ ಟರ್ಬೊ, ಇಂಟರ್‌ಕೂಲರ್ ಎಲ್ಲ ಹಾಕಿಸಿಕೊಂಡು ನಾವು ಬಸ್ಸಿಗಿಂತ ತಡವಾಗಿ ತಲುಪುತ್ತಿದ್ದೆವು. ದಾಟಿ ಬಂದ ಲಾರಿಗಳೆಲ್ಲ ನಾವು ಸುಧಾರಿಸಿಕೊಳ್ಳುವಾಗ ಹಾರನ್ ಹೊಡೆದುಕೊಂಡು ಮುಂದೆ ಹೋಗುತ್ತಿದ್ದವು. ಅತ್ತೆ ಹಿಂದಿನಿಂದ, "ಹೋಗ್ಲಿ ಬುಡು, ಅವಕ್ಕೆ ದೇವರಿಲ್ಲ" ಎನ್ನುತ್ತಿದ್ದರು.

ಸುಮ್ಮನೆ ಕೂರುವ ಆ ಹೊತ್ತಿನಲ್ಲಿ ಇವರಿಗೆ ಏನು ಮಾಡುವುದೆಂದು ತೋಚುತ್ತಿರಲಿಲ್ಲ. ಹಾಗಾಗಿ ಮಾತಾಡುತ್ತಿದ್ದರು. ಮೊದಲು ಎಣ್ಣೆಯ ಬಿಸಿ, ಪೈಪಿನ ಕ್ಲಾಂಪು. ಆಮೇಲೆ ಒಂದು ದಿನ ಕುಣಿಗಲ್ ಕೆರೆ ಏರಿಯ ಹತ್ತಿರ, ಅವರಪ್ಪನ ಸೈಕಲ್ಲಿನ ಗಂಟೆಯ ಸದ್ದು ಹೇಗಿತ್ತು ಎಂದು ಹೇಳಿದರು. ಇನ್ನೊಂದು ದಿನ, ನನ್ನನ್ನು ನೋಡಲು ಬಂದಾಗ ಗಡಿಯಾರ ಹಿಂದಿರುವುದು ಹೇಗೆ ಕಂಡಿತು ಗೊತ್ತೇ ಎಂದು ಕೇಳಿದರು. ನನ್ನ ಮುಖ ನೋಡಲು ಧೈರ್ಯವಾಗದೆ ಅದನ್ನೇ ನೋಡುತ್ತಿದ್ದರಂತೆ. ಇಷ್ಟು ವರ್ಷ ಒಳಗಿದ್ದ ಮಾತು, ಮುನೇಶ್ವರನ ಏರಿನ ಮೇಲೆ ಎಂಜಿನ್ ಆರುವ ಹೊತ್ತಿನಲ್ಲಿ ಹೊರಬಂತು. ಮನೆ ಮುಂದೆ ಗಾಡಿ ನಿಂತಾಗ ಮೊದಲೆಲ್ಲ ನಾನು ಬೀಗ ತೆಗೆಯಲು ಓಡುತ್ತಿದ್ದೆ. ಆಮೇಲೆ ಬೀಗದ ಕೈ ಅತ್ತೆಗೆ ಕೊಟ್ಟು ನಾನೂ ಕೂತೇ ಇರುತ್ತಿದ್ದೆ.

ಮೂರನೆಯ ಟರ್ಬೊ ಕೊನೆಯವರೆಗೂ ಕೆಡಲಿಲ್ಲ. ಬಾಡಿ ತುಕ್ಕು ಹಿಡಿಯಿತು, ಬಾಗಿಲು ಜೋತುಬಿದ್ದವು, ಅತ್ತೆಯೂ ಹೋದರು. ಕೊನೆಗೆ ಊರ್ಡಿಗೆರೆಯವರೊಬ್ಬರು ಬಂದು ಗಾಡಿ ತೆಗೆದುಕೊಂಡು ಹೋದರು. ಮೊದಲನೆಯ ಟರ್ಬೊದ ಚಿಪ್ಪು ಮಾತ್ರ ಕಿಟಕಿಯ ಮೇಲೆ ಉಳಿಯಿತು.

ಆಮೇಲೆ ಬಂದದ್ದು ಒಂದು ಚಿಕ್ಕ ಪೆಟ್ರೋಲ್ ಕಾರು. ಅದಕ್ಕೆ ಟರ್ಬೊ ಇಲ್ಲ, ಊದುಗೊಳವೆ ಇಲ್ಲ, ಕಾಯುವುದೂ ಬೇಕಿಲ್ಲ. ಅದನ್ನು ತಂದ ವಾರ ಒಂದು ದಿನ ಇವರು ಆಫೀಸಿಗೆ, ನಾನು ತೌರಿಗೆ ಎಂದು ಗುಬ್ಬಿಗೆ ಹೋಗಿ ಸಂಜೆ ಬಂದೆವು. ಮನೆ ಮುಂದೆ ನಿಲ್ಲಿಸಿ, ಕೀ ತಿರುಗಿಸಿ, ಇವರು ಇಳಿದು ಗೇಟಿನವರೆಗೆ ಹೋದರು. ನಾನು ಅಭ್ಯಾಸಬಲದಿಂದ ಕೂತೇ ಇದ್ದೆ. ಕೂತಿದ್ದೇನೆ ಎಂದು ಆಮೇಲೆ ಗೊತ್ತಾಯಿತು, ಆದರೂ ಏಳಲಿಲ್ಲ.

ಅವರು ತಿರುಗಿ ನೋಡಿದರು. ಗೇಟಿನ ಚಿಲಕ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ವಾಪಸು ಬಂದು, ಬಾಗಿಲು ತೆಗೆದು, ತಮ್ಮ ಸೀಟಿನಲ್ಲಿ ಕೂತರು.

"ಇದಕ್ಕೆ ಬೇಕಿಲ್ಲ ಕಣೇ" ಎಂದರು.

"ಗೊತ್ತು" ಎಂದೆ.

ಅವರು ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡಿದರು. ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡರು. "ಇವತ್ತು ಆಫೀಸಲ್ಲಿ ಏನಾಯ್ತು ಗೊತ್ತಾ" ಎಂದು ಶುರು ಮಾಡಿದರು.